ಹೇಳಿ ಮಾಡಿಸಿದ ಕತ್ತಿ

ಹೋದ ವರ್ಷ ಆರ್.ಟಿ. ನಗರದ ನಮ್ಮ ಅಡುಗೆಮನೆಗೆ ಒಂದು ಚಾಕು ಮಾಡಿಸಿದೆ. ಚಾಕು ಮಾಡುವ ಒಬ್ಬ ತರುಣನ ಎದುರು ಕೂತು, ಇಂಥದ್ದು ಬೇಕು ಎಂದು ಹೇಳಿ, ಆರು ವಾರ ಕಾದು ಮಾಡಿಸಿಕೊಂಡದ್ದು. ಬೆಲೆ ಕೇಳಿದ ಎದುರು ಮನೆಯವರು, "ಅಷ್ಟು ದುಡ್ಡಿಗೆ ಒಳ್ಳೇ ಮಿಕ್ಸಿನೇ ಬರ್ತಿತ್ತಲ್ಲ ಸಾರ್" ಎಂದರು. ನನ್ನ ತಂಗಿ, "ಅಣ್ಣನಿಗೆ ಈ ವಯಸ್ಸಲ್ಲಿ ಹೊಸ ಶೋಕಿ" ಎಂದಳು. ಗೆಳೆಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದೆಲ್ಲ ಜಪಾನು, ಅಮೆರಿಕದವರನ್ನು ನೋಡಿ ಕಲಿತದ್ದು, ನಮ್ಮಲ್ಲಿ ಇಂಥದ್ದು ಯಾವಾಗ ಇತ್ತು ಎಂದು ಕೇಳಿದರು.

ಈ ಮಾತುಗಳು ಆ ಮೂವರವೇ ಅಲ್ಲ. ಕೈಯಲ್ಲಿ ಮಾಡಿದ ಚಾಕು ಎಂದರೆ ಉಳ್ಳವರ ಶೋಕಿ, ಹೊರಗಿನಿಂದ ಬಂದ ಫ್ಯಾಷನ್ನು, ತರಕಾರಿ ಹೆಚ್ಚುವುದಕ್ಕೆ ನೂರು ರೂಪಾಯಿಯ ಸ್ಟೀಲ್ ಚಾಕು ಧಾರಾಳ ಸಾಕು ಎಂಬುದು ಊರೆಲ್ಲ ಒಪ್ಪಿದ ಅಭಿಪ್ರಾಯ. ಇದು ತಪ್ಪು ಅಭಿಪ್ರಾಯ. ಚರಿತ್ರೆಯನ್ನು ತಲೆಕೆಳಗು ಮಾಡಿದ ಅಭಿಪ್ರಾಯ. ನಮ್ಮ ನಾಡಿಗೆ ಮೊನ್ನೆ ಮೊನ್ನೆ ಬಂದದ್ದು ಅಂಗಡಿಯ ಚಾಕು. ಹೇಳಿ ಮಾಡಿಸಿಕೊಳ್ಳುವುದೇ ಇಲ್ಲಿನ ಹಳೆಯ ರೂಢಿ. ನಮ್ಮ ಮಾತೇ ಇದಕ್ಕೆ ಸಾಕ್ಷಿ ಹೇಳುತ್ತದೆ. ಒಂದಕ್ಕೊಂದು ಚೆನ್ನಾಗಿ ಒಪ್ಪಿದರೆ, ಅದು ಜೋಡಿಯಾಗಲಿ, ಪಾತ್ರಕ್ಕೆ ನಟನಾಗಲಿ, "ಹೇಳಿ ಮಾಡಿಸಿದ ಹಾಗಿದೆ" ಎನ್ನುತ್ತೇವೆ. ಹೇಳುವವರೊಬ್ಬರು, ಮಾಡುವವರೊಬ್ಬರು, ಇಬ್ಬರ ನಡುವೆ ಒಂದಿಷ್ಟು ಮಾತು. ಇಷ್ಟು ಕೂಡಿದರೆ ವಸ್ತು ಸರಿಯಾಗುತ್ತದೆ ಎಂಬ ತಿಳಿವಳಿಕೆ ಆ ನುಡಿಗಟ್ಟಿನಲ್ಲಿದೆ. ಚಾಕುವಿನ ಗುಣ ಆ ಮಾತಿನಲ್ಲಿ ಹುಟ್ಟುತ್ತದೆ ಎಂಬುದೇ ನನ್ನ ವಾದ. ಅಗ್ಗದ ಚಾಕು ಕೆಟ್ಟದ್ದಾದದ್ದು ಆ ಮಾತು ತಪ್ಪಿಹೋದ್ದರಿಂದ. ಇವತ್ತಿನ ಎಷ್ಟೋ ದುಬಾರಿ ಚಾಕುಗಳು ಕೆಟ್ಟದ್ದಾಗಿರುವುದೂ ಅದೇ ಕಾರಣಕ್ಕೆ.

ನಾನು ಎಡಚ. ಹನ್ನೆರಡು ವರ್ಷದವನಿದ್ದಾಗ, ಕೊಪ್ಪದ ಕಡೆಯ ನಮ್ಮೂರಿನಲ್ಲಿ, ಅಜ್ಜ ನನ್ನನ್ನು ಕುಲುಮೆಗೆ ಕರೆದುಕೊಂಡು ಹೋದರು. "ಆಚಾರ್ರೇ, ಇವನಿಗೊಂದು ಕತ್ತಿ ಆಗ್ಬೇಕಲ್ಲ" ಎಂದರು. ಆಚಾರ್ರು ತಿದಿ ಒತ್ತುವುದನ್ನು ನಿಲ್ಲಿಸಿ ಕೇಳಿದ ಮೊದಲ ಪ್ರಶ್ನೆ "ಯಾವ ಕೈ?" ಎಂದು. ಎರಡನೆಯದು "ಎಂಥಕ್ಕೆ?" ಎಂದು. ತೋಟದಲ್ಲಿ ಸೊಪ್ಪು ಸವರುವುದಕ್ಕೆ ಎಂದು ಅಜ್ಜ ಹೇಳಿದರು. ಆಚಾರ್ರು ಒಂದು ಸುತ್ತಿಗೆಯ ಹಿಡಿ ಕೊಟ್ಟು ಮುಷ್ಟಿ ಕಟ್ಟಲು ಹೇಳಿದರು. ಮುಷ್ಟಿಯ ಅಗಲಕ್ಕೆ ಒಂದು ತೆಂಗಿನ ಕಡ್ಡಿ ಹಿಡಿದು, ಅಷ್ಟಕ್ಕೇ ಮುರಿದು, ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಎಂಟು ದಿನದ ಮೇಲೆ ಸಿಕ್ಕಿದ ಕತ್ತಿಯ ಸಾಣೆಯ ಇಳಿಜಾರು ಮನೆಯ ಉಳಿದೆಲ್ಲ ಕತ್ತಿಗಳಿಗಿಂತ ತಿರುಗಾಮುರುಗಾ ಇತ್ತು. ಅಣ್ಣ ಅದನ್ನು ಹಿಡಿದು ಒಂದು ಗೆಲ್ಲು ಸವರಲು ಹೋಗಿ, ಅಲಗು ಹೊರಕ್ಕೆ ಜಾರಿ, "ಇದು ಹಾಳು ಕತ್ತಿ" ಎಂದ. ನನ್ನ ಕೈಗೆ ಅದು ಬೆಣ್ಣೆಯ ಹಾಗೆ ಓಡುತ್ತಿತ್ತು.

ಆಮೇಲೆ ಓದು, ಕೆಲಸ, ಬೆಂಗಳೂರು. ಮೇಖ್ರಿ ವೃತ್ತದ ಈಚೆಗೆ ಬಾಡಿಗೆ ಮನೆ, ನಂತರ ಆರ್.ಟಿ. ನಗರದಲ್ಲಿ ಸ್ವಂತದ್ದು. ಇಷ್ಟು ವರ್ಷಗಳಲ್ಲಿ ಮನೆಗೆ ಎಷ್ಟು ಚಾಕು ತಂದಿರಬಹುದೋ ಲೆಕ್ಕವಿಲ್ಲ. ಪ್ಲಾಸ್ಟಿಕ್ ಹಿಡಿಯ, ಸಣ್ಣ ಹಲ್ಲಿನ ಆ ಚಾಕುಗಳನ್ನು ಎಲ್ಲರೂ ನೋಡಿದ್ದೀರಿ. ಅದರ ಹಲ್ಲುಗಳನ್ನು ಒಂದೇ ಮಗ್ಗುಲಿನಿಂದ ಉಜ್ಜಿರುತ್ತಾರೆ. ಹಾಗಾಗಿ ಅಲಗು ಒಂದು ಕಡೆಗೆ ವಾಲಿಕೊಂಡೇ ಕೊಯ್ಯುತ್ತದೆ. ಬಲಗೈಯವರು ಅದಕ್ಕೆ ಹೇಗೋ ಒಗ್ಗಿಕೊಳ್ಳುತ್ತಾರೆ. ನಾನು ಸೌತೆಕಾಯಿ ಹೆಚ್ಚಿದರೆ ಬಿಲ್ಲೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ನನಗೆ ಹೆಚ್ಚಲು ಬರುವುದಿಲ್ಲ ಎಂದು ಮನೆಯವರು ತೀರ್ಮಾನಿಸಿದ್ದರು, ನಾನೂ ನಂಬಿಬಿಟ್ಟಿದ್ದೆ. ಕಳೆದ ವರ್ಷ ಆ ತರುಣನ ಮುಂದೆ ಕೂತಾಗ ಅವನು ಕೇಳಿದ ಮೊದಲ ಪ್ರಶ್ನೆ, "ಯಾವ ಕೈ ಸಾರ್ ನಿಮ್ದು?" ನಲವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾವ ಅಂಗಡಿಯವರೂ ಕೇಳಿರಲಿಲ್ಲ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇದು ಉಳ್ಳವರ ಶೋಕಿ ಎಂಬುದು. ನಮ್ಮ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ರಸ್ತೆ ಬದಿ ಎಳನೀರು ಮಾರುವವರ ಕೈಯಲ್ಲಿರುವ ಮಚ್ಚನ್ನು ಗಮನಿಸಿ. ನಮ್ಮ ಬೀದಿಯ ತುದಿಯಲ್ಲಿ ನಿಲ್ಲುವವರು ಮದ್ದೂರು ಕಡೆಯವರು. ಒಮ್ಮೆ ಅವರ ಮಚ್ಚನ್ನು ಕೈಗೆ ತೆಗೆದುಕೊಂಡು ನೋಡಿದೆ. ಬೆನ್ನು ದಪ್ಪ, ತೂಕವೆಲ್ಲ ಮೂತಿಯ ಕಡೆಗೆ, ಬಾಯಿ ಮಾತ್ರ ತೆಳುವಾಗಿ ಸ್ವಲ್ಪ ಬಾಗಿದೆ. ಮೂರು ಪೆಟ್ಟಿಗೆ ತಲೆ ಹಾರಿ, ನಾಲ್ಕನೆಯದಕ್ಕೆ ನೀರು ಚೆಲ್ಲದ ಹಾಗೆ ಬಾಯಿ ತೆರೆಯುವ ಲೆಕ್ಕ ಆ ಆಕಾರದಲ್ಲಿದೆ. "ಅಂಗಡಿದು ಆಗಲ್ಲ ಸಾರ್, ಎರಡು ದಿನಕ್ಕೆ ಬಾಯಿ ಹೋಗುತ್ತೆ. ಇದು ಊರಲ್ಲಿ ಮಾಡ್ಸಿದ್ದು" ಎಂದರು. ಸುಲ್ತಾನ್‌ಪಾಳ್ಯದ ಮಾಂಸದ ಅಂಗಡಿಗಳಲ್ಲಿ ಮರದ ಕೊರಡಿನ ಮೇಲೆ ಆಡುವ ಕತ್ತಿಗಳನ್ನು ನೋಡಿ. ಮೂಳೆ ಕಡಿಯುವುದಕ್ಕೆ ಒಂದು, ತೊಗಲು ಬಿಡಿಸುವುದಕ್ಕೆ ಇನ್ನೊಂದು. ಮಲೆನಾಡಿಗೆ ಹೋದರೆ ಅಡಿಕೆ ಸುಲಿಯುವವರ ಮೆಟ್ಟುಗತ್ತಿ, ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ತೋಟದ ಕತ್ತಿ. ಅಲಗನ್ನೇ ನಂಬಿ ಅನ್ನ ತಿನ್ನುವವರು ಅಲಗನ್ನು ಮಾಡಿಸಿಕೊಳ್ಳುತ್ತಾರೆ. ಅವರು ಉಳ್ಳವರೇನಲ್ಲ. ಕೆಟ್ಟ ಕತ್ತಿಯನ್ನು ಸಹಿಸಿಕೊಳ್ಳುವಷ್ಟು ಅನುಕೂಲ ಇರುವವರು ನಾವು. ದಿನಕ್ಕೆ ನಾಲ್ಕು ಈರುಳ್ಳಿ ಹೆಚ್ಚಿ ಮುಗಿಸುವವರು. ನಮ್ಮ ಸಹನೆಯನ್ನು ಮಿತವ್ಯಯ ಎಂದು ಕರೆದುಕೊಳ್ಳುತ್ತಿದ್ದೇವೆ.

ಎರಡನೆಯದು, ಇದು ಹೊರಗಿನದು ಎಂಬ ಮಾತು. ಇಲ್ಲಿ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಇಲ್ಲಿನ ಉಕ್ಕಿನ ತುಂಡುಗಳನ್ನು ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಅವರು ಅದನ್ನು ಕರೆದದ್ದು 'ವೂಟ್ಜ್' ಎಂದು. ನಮ್ಮ 'ಉಕ್ಕು' ಎಂಬ ಮಾತೇ ಬರೆಯುವವರ, ಓದುವವರ ಕೈತಪ್ಪಿನಿಂದ ಹಾಗಾಗಿರಬೇಕು ಎಂದು 1886ರ ಹಾಬ್ಸನ್–ಜಾಬ್ಸನ್ ನಿಘಂಟು ಊಹಿಸಿತು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಒಲೆಗಳನ್ನು ಕಣ್ಣಾರೆ ಕಂಡು ಬರೆದ. ಕಬ್ಬಿಣದ ತುಂಡು, ತಂಗಡಿ ಗಿಡದ ಒಣ ಕಡ್ಡಿ, ಹಸಿ ಎಲೆ ಇವಿಷ್ಟನ್ನು ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಸುತ್ತಿದ್ದರು. ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತಿತ್ತು. ಅಂಥ ಮೂಸೆಗಳ ಚೂರುಗಳು ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿವೆ. ಈ ಉಕ್ಕಿನ ಕತೆಯನ್ನು ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಪುಸ್ತಕ ಮಾಡಿದರು. ಅವರಿಬ್ಬರೂ ಕೆಲಸ ಮಾಡಿದ್ದು ನಮ್ಮ ಆರ್.ಟಿ. ನಗರದಿಂದ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರದ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಆವರಣದಲ್ಲಿ. ನಮ್ಮಲ್ಲಿ ಯಾವಾಗ ಇತ್ತು ಎಂದು ಕೇಳಿದ ಗೆಳೆಯರಿಗೆ ಉತ್ತರ ಅಷ್ಟು ಹತ್ತಿರದಲ್ಲಿದೆ.

ಆದರೆ ಈ ಉತ್ತರವನ್ನು ಕೊಟ್ಟು ಎದೆ ಉಬ್ಬಿಸಿ ನಿಂತುಬಿಟ್ಟರೆ ಇನ್ನೊಂದು ತಪ್ಪಿಗೆ ಬೀಳುತ್ತೇವೆ. ಅದು ಚಾಕುವಿನ ಅಭಿಮಾನಿಗಳೇ ಬೀಳುವ ಗುಂಡಿ. ಉಕ್ಕಿನ ಹೆಸರು ಹೇಳಿದರೆ ಚಾಕುವಿನ ಗುಣ ಹೇಳಿದಂತೆ ಎಂದು ಅವರು ತಿಳಿದಿದ್ದಾರೆ. ವೂಟ್ಜ್ ಎಂದರೆ ಕಣ್ಣರಳಿಸುತ್ತಾರೆ, ಡಮಾಸ್ಕಸ್ ಎಂದರೆ ಜೇಬು ಬಿಚ್ಚುತ್ತಾರೆ. ಈಗ ಡಮಾಸ್ಕಸ್ ಎಂದು ಮಾರುವ ಅಲೆಅಲೆಯ ಅಲಗುಗಳಲ್ಲಿ ಹೆಚ್ಚಿನವು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಮಡಿಸಿ, ಕೊನೆಗೆ ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದವು. ಬೆಸುಗೆಯ ಕೆಲಸ ಕಷ್ಟದ್ದು, ನೋಡಲು ಚೆಂದ. ಆದರೆ ಮೂಸೆಯ ಉಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ಆ ಗೆರೆಗಳಿಂದ ಬದನೆಕಾಯಿ ಚೆನ್ನಾಗಿ ಹೆಚ್ಚಿಕೊಳ್ಳುವುದೂ ಇಲ್ಲ. ಚಿನ್ನದ ಚೂರಿ ಎಂದು ಕುತ್ತಿಗೆ ಕೊಯ್ದುಕೊಳ್ಳುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಚೂರಿಯನ್ನು ಅದರ ಲೋಹದ ಘನತೆಯಿಂದ ಅಳೆಯಬಾರದು ಎಂದು ಅದು ಎಂದೋ ಹೇಳಿಬಿಟ್ಟಿದೆ. ವೂಟ್ಜ್ ಉಕ್ಕಿನ ಗುಟ್ಟು ಹುಡುಕಿದ ಮೈಕೆಲ್ ಫ್ಯಾರಡೆಯನ್ನೇ ನೋಡಿ. 1820 ಮತ್ತು 1822ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಅವನು ಪ್ರಬಂಧ ಪ್ರಕಟಿಸಿದ್ದು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು, ಕತ್ತರಿ ಮಾಡುವವನ ಜೊತೆಗೂಡಿ. ಫ್ಯಾರಡೆ ತಾನೇ ಕಮ್ಮಾರನ ಮಗ. ಲೋಹದ ಗುಣ ಬಾಯಿ ಹಿಡಿಯುವವನ ಹತ್ತಿರ ಕೂತರೆ ತಿಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹಾಗಾದರೆ ಚಾಕುವಿನ ಗುಣ ಎಲ್ಲಿದೆ? ನನ್ನ ಚಾಕು ತಯಾರಾಗುವಾಗ ಎರಡು ಸಲ ಆ ತರುಣನ ಶೆಡ್ಡಿಗೆ ಹೋಗಿದ್ದೆ. ಮೊದಲ ಸಲ ಹೋದಾಗ ಅವನು ಉಕ್ಕನ್ನೇ ತೋರಿಸಲಿಲ್ಲ. ಹಲಗೆಯ ತುಂಡಿನಲ್ಲಿ ಚಾಕುವಿನ ಆಕಾರ ಕೊರೆದಿಟ್ಟಿದ್ದ. ಅದನ್ನು ಹಿಡಿದು, ಎದುರಿಗಿದ್ದ ಮಣೆಯ ಮೇಲೆ ಹುರುಳಿಕಾಯಿ ಹೆಚ್ಚುವ ಹಾಗೆ ಕೈ ಆಡಿಸಲು ಹೇಳಿದ. ನನ್ನ ಬೆರಳ ಗೆಣ್ಣು ಮಣೆಗೆ ತಾಗುತ್ತಿತ್ತು. ಅಲಗಿನ ಅಗಲ ಅರ್ಧ ಇಂಚು ಹೆಚ್ಚಬೇಕು ಎಂದು ಬರೆದುಕೊಂಡ. ಮನೆಯಲ್ಲಿ ಹೆಚ್ಚಾಗಿ ಏನು ಹೆಚ್ಚುತ್ತೀರಿ ಎಂದು ಕೇಳಿದ. ತೊಂಡೆಕಾಯಿ, ಬಾಳೆದಿಂಡು, ಸುವರ್ಣಗೆಡ್ಡೆ, ಸಿಹಿಗುಂಬಳ, ಕಾಲಕ್ಕೆ ಹಲಸಿನ ಗುಜ್ಜೆ ಎಂದೆ. ಕುಂಬಳಕ್ಕೂ ಗೆಡ್ಡೆಗೂ ಅಲಗು ದಪ್ಪವಿದ್ದರೆ ಅದು ಕೊಯ್ಯುವುದಿಲ್ಲ, ಸೀಳುತ್ತದೆ ಎಂದ. ಬೆನ್ನು ಎರಡು ಮಿಲಿಮೀಟರಿಗೆ ಇಳಿಸಿ, ಬಾಯಿಯ ಹತ್ತಿರ ಬರುವಷ್ಟರಲ್ಲಿ ಕಾಗದದಷ್ಟು ಮಾಡುತ್ತೇನೆ ಎಂದ.

ಈ ಒಂದು ಸಂಗತಿಯಲ್ಲೇ ಅಂಗಡಿಯ ಚಾಕುವಿನ ಸೋಲು ಕಾಣುತ್ತದೆ. ಈಗ ನಮ್ಮ ಮಾರುಕಟ್ಟೆಯಲ್ಲಿ ಮೂತಿ ಚೂಪಾದ, ಹೊಟ್ಟೆ ಬಾಗಿದ ಉದ್ದನೆಯ ಚಾಕುಗಳು ತುಂಬಿವೆ. ನಿಂತು, ಕಟ್ಟೆಯ ಮೇಲೆ ಮಣೆಯಿಟ್ಟು ಹೆಚ್ಚುವ ಜರ್ಮನಿ, ಫ್ರಾನ್ಸಿನ ಅಡುಗೆಮನೆಗಳಲ್ಲಿ ಬೆಳೆದ ಆಕಾರ ಅದು. ನಮ್ಮ ಮನೆಗಳಲ್ಲಿ ಅಲಗು ಅಲ್ಲಾಡುತ್ತಲೇ ಇರಲಿಲ್ಲ. ಈಳಿಗೆ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದರೆ ತರಕಾರಿಯೇ ಅಲಗಿನ ಹತ್ತಿರ ಬರುತ್ತಿತ್ತು, ಎರಡೂ ಕೈ ತರಕಾರಿಯ ಮೇಲೆ. ಅಮ್ಮ ಬಾಳೆದಿಂಡು ಹೆಚ್ಚುವಾಗ ಒಂದೊಂದು ಬಿಲ್ಲೆ ಬಿದ್ದ ಹಾಗೆಲ್ಲ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗುತ್ತಿದ್ದರು. ಕೊನೆಗೆ ಬೆರಳಿಗೆ ಉಂಗುರದ ಹಾಗೆ ನಾರಿನ ಸುತ್ತು. ನೆಲ ಬಿಟ್ಟು ಕಟ್ಟೆಗೆ ಏರಿದ ದಿನ ಈಳಿಗೆ ಅಟ್ಟ ಸೇರಿತು. ಅದರ ಜಾಗಕ್ಕೆ ಬಂದ ಚಾಕುವನ್ನು ಬಾಳೆದಿಂಡಿಗೆ, ಗುಜ್ಜೆಗೆ, ಸುವರ್ಣಗೆಡ್ಡೆಗೆ ಎಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಆ ಯೋಚನೆ ಇವತ್ತು ನಡೆಯುತ್ತಿರುವುದು ಇಂಥ ಸಣ್ಣ ಶೆಡ್ಡುಗಳಲ್ಲಿ. ಹೊರಗಿನಿಂದ ಬಂದ ಫ್ಯಾಷನ್ನು ಯಾವುದು ಎಂದು ನನ್ನ ಗೆಳೆಯರು ಮತ್ತೆ ಯೋಚಿಸಲಿ.

ಎರಡನೆಯ ಸಲ ಹೋದಾಗ ಹದ ಹಾಕುವ ದಿನ. ನಮ್ಮಲ್ಲಿ 'ಹದ' ಎಂಬ ಮಾತು ಮಣ್ಣಿಗೂ ಇದೆ, ಬೆಲ್ಲದ ಪಾಕಕ್ಕೂ ಇದೆ, ತೊಗಲಿಗೂ ಇದೆ, ಉಕ್ಕಿಗೂ ಇದೆ. ಎಲ್ಲ ಕಡೆಯೂ ಅದರ ಅರ್ಥ ಒಂದೇ: ಒಂದು ಕ್ಷಣ ಮೊದಲಾದರೂ ಕೆಟ್ಟಿತು, ಒಂದು ಕ್ಷಣ ತಡವಾದರೂ ಕೆಟ್ಟಿತು. ಅಲಗು ಒಲೆಯಲ್ಲಿ ಕೆಂಪಾಗುತ್ತಾ ಬಂತು. ಅವನು ಆಗಾಗ ಹೊರಗೆಳೆದು ಅಯಸ್ಕಾಂತ ತಾಗಿಸಿ ನೋಡುತ್ತಿದ್ದ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಾದ ಮೇಲೆ ಇನ್ನೂ ಒಂದಿಷ್ಟು ಕಾಸಿ, ಒಂದೇ ಉಸಿರಿಗೆ ಎಣ್ಣೆಯಲ್ಲಿ ಇಳಿಸಿದ. ಭುಸ್ಸೆಂದು ಹೊಗೆ ಎದ್ದು ಅಡಗಿತು. ಆಮೇಲೆ ಬಾಯಿಯ ಮೇಲೆ ಅರ ಎಳೆದು ನೋಡಿದ. ಮೊದಲು ಕರಕರ ಕಚ್ಚುತ್ತಿದ್ದ ಅರ ಈಗ ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಗಡಸು ಬಂದಿದೆ. ಆದರೆ ಈ ಗಡಸು ಗಾಜಿನದೇ. ಕೆಳಗೆ ಬಿದ್ದರೆ ಮುರಿಯುತ್ತದೆ. ಅದಕ್ಕೆ ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಸ್ವಲ್ಪ ಸಡಿಲಿಸಬೇಕು. ಆಗ ಉಕ್ಕಿನ ಮೈಮೇಲೆ ತೆಳು ಹುಲ್ಲಿನ ಬಣ್ಣ ಮೂಡುತ್ತದೆ. ಕಾವು ಇನ್ನೂ ಏರಿ 300ರ ಹತ್ತಿರ ಹೋದರೆ ನೀಲಿ. ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದ್ದು ತರಕಾರಿಗೆ, ನೀಲಿಯ ಕಡೆಗೆ ಬಿಟ್ಟದ್ದು ಪೆಟ್ಟು ತಿನ್ನುವ ಮಚ್ಚಿಗೆ. ಅದೇ ಉಕ್ಕು, ಅದೇ ಒಲೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವುದು ನಮ್ಮೂರ ಆಚಾರ್ರ ಎರಡನೆಯ ಪ್ರಶ್ನೆ: ಎಂಥಕ್ಕೆ?

ಕಾಡು ಸುತ್ತುವವರ, ಚಾರಣದವರ ಚಾಕುಗಳ ವಿಷಯದಲ್ಲಂತೂ ಈ ಪ್ರಶ್ನೆಯನ್ನು ಮರೆತರೆ ಅನಾಹುತ. ಗುಜರಿ ಅಂಗಡಿಯಿಂದ ತಂದ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಕತ್ತಿ ಮಾಡುವುದು ನಮ್ಮ ಕಮ್ಮಾರರ ಹಳೆಯ ಜಾಣತನ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗ, ಇಲ್ಲವೇ ಸ್ವಲ್ಪ ಹೆಚ್ಚು. ಪೆಟ್ಟಿಗೆ ಬಗ್ಗುತ್ತದೆಯೇ ಹೊರತು ಮುರಿಯುವುದಿಲ್ಲ. ಸೌದೆ ಸೀಳುವ, ಬಿದಿರು ಕಡಿಯುವ ಅಲಗಿಗೆ ಅದು ಒಪ್ಪುತ್ತದೆ. ಆದರೆ ವರ್ಷಾನುಗಟ್ಟಲೆ ಲಾರಿಯ ಭಾರ ಹೊತ್ತ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅದಕ್ಕೇ ತಿಳಿದವರು ಈಗ ಗುರುತು ಗೊತ್ತಿರುವ ಹೊಸ ಉಕ್ಕನ್ನು ಕೊಳ್ಳುತ್ತಾರೆ. ಸ್ಟೇನ್‌ಲೆಸ್ ಅಲಗಾದರೆ ಕಾವು ಇನ್ನೂ ಮೇಲೇರಬೇಕು, ಲೆಕ್ಕ ಇನ್ನೂ ಬಿಗಿ; ಹದಕ್ಕೆ ಪೀಣ್ಯದ ಕಡೆಯ ಕಾರ್ಖಾನೆಗಳಿಗೆ ಕೊಡುವುದುಂಟು. ಇದನ್ನು ಕೇಳಿ ಕೆಲವರು "ಹಾಗಾದರೆ ಇದು ಕೈಯಲ್ಲಿ ಮಾಡಿದ್ದು ಹೇಗಾಯಿತು?" ಎನ್ನುತ್ತಾರೆ. ನಮ್ಮೂರ ಆಚಾರ್ರ ಅರ ಕಾರ್ಖಾನೆಯದ್ದೇ ಆಗಿತ್ತು, ಪಟ್ಟಿ ಲಾರಿಯದಾಗಿತ್ತು. ವಿದ್ಯುತ್ ಬಂದ ದಿನವೇ ಅವರು ಸಾಣೆಗೆ ಮೋಟಾರು ಕಟ್ಟಿದರು. ಕೈ ಎಂದರೆ ಯಂತ್ರವಿಲ್ಲದಿರುವುದು ಎಂದಲ್ಲ. ಈ ಅಲಗು ಇಷ್ಟೇ ತೆಳುವಿರಲಿ ಎಂಬ ತೀರ್ಮಾನವನ್ನು, ಬಳಸುವವರ ಮುಖ ನೋಡಿದ ಒಬ್ಬ ಮನುಷ್ಯ ತೆಗೆದುಕೊಂಡಿರುವುದು.

ಮೂರನೆಯದು ತುಕ್ಕಿನ ಆಕ್ಷೇಪ. ಅದನ್ನು ನಾನು ಅರ್ಧ ಒಪ್ಪುತ್ತೇನೆ. ಸಾದಾ ಉಕ್ಕಿನ ಅಲಗು ಒದ್ದೆ ಬಿಟ್ಟರೆ ಕೆಂಪಾಗುತ್ತದೆ. ಬಾಳೆಕಾಯಿ ಹೆಚ್ಚಿದರೆ ಅಲಗೂ ಕಪ್ಪು, ಬಾಳೆಕಾಯಿಯೂ ಕಪ್ಪು. ಉಪ್ಪಿನಕಾಯಿಯ ಕಾಲದಲ್ಲಿ ರಾಶಿ ಮಾವಿನಕಾಯಿ ಹೋಳು ಮಾಡುವ ಮನೆಗೆ, ನಿಂಬೆಹಣ್ಣಿನ ಕೆಲಸ ಹೆಚ್ಚಿರುವ ಮನೆಗೆ ಸ್ಟೇನ್‌ಲೆಸ್ ಒಳ್ಳೆಯದು. ಹ್ಯಾರಿ ಬ್ರೇರ್ಲಿ 1913ರಲ್ಲಿ ಶೆಫೀಲ್ಡಿನಲ್ಲಿ ಅಂಥ ಉಕ್ಕು ಎರಕ ಹೊಯ್ದದ್ದು ಅಡುಗೆಮನೆಗೆ ಆದ ದೊಡ್ಡ ಉಪಕಾರವೇ. ಆದರೆ ತುಕ್ಕು ಹಿಡಿಯದಿರುವುದು ಬೇರೆ, ಬಾಯಿ ನಿಲ್ಲುವುದು ಬೇರೆ. ಅಗ್ಗದ ಚಾಕುಗಳಿಗೆ ಇಂಗಾಲ ಕಡಿಮೆಯ ಮೆತ್ತನೆಯ ಸ್ಟೇನ್‌ಲೆಸ್ ಹಾಕಿ, ಹದವನ್ನೂ ಅಷ್ಟಕ್ಕಷ್ಟೇ ಮಾಡಿರುತ್ತಾರೆ. ಹೊಳಪು ಹತ್ತು ವರ್ಷ ಇರುತ್ತದೆ, ಹರಿತ ಹತ್ತು ದಿನವೂ ಇರುವುದಿಲ್ಲ. ಹೊಳೆಯುವ ಮೊಂಡು ಚಾಕುವನ್ನು ಒಳ್ಳೆಯ ಚಾಕು ಎಂದು ನಂಬುವುದಕ್ಕೆ ನಮ್ಮ ಕಣ್ಣನ್ನು ಪಳಗಿಸಿಬಿಟ್ಟಿದ್ದಾರೆ. ಮೊಂಡು ಚಾಕು ಅಪಾಯವಿಲ್ಲದ್ದು ಎಂದು ಮಕ್ಕಳ ಕೈಗೆ ಅದನ್ನೇ ಕೊಡುತ್ತೇವೆ. ಹರಿತವಿಲ್ಲದ ಅಲಗಿಗೆ ಬಲ ಹಾಕಬೇಕು, ಬಲ ಹಾಕಿದ ಅಲಗು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ, ಜಾರಿದ್ದು ಬೆರಳಿಗೆ ಬರುತ್ತದೆ. ನನ್ನ ಎಡಗೈಯಲ್ಲೂ ಬಲಗೈಯಲ್ಲೂ ಇರುವ ಗಾಯದ ಗುರುತುಗಳೆಲ್ಲ ಮೊಂಡು ಚಾಕುಗಳವು.

ಇನ್ನೊಂದು ಅಳುಕೂ ಜನರಲ್ಲಿದೆ. ಕತ್ತಿ, ಮಚ್ಚು ಎಂದ ಕೂಡಲೇ ರೌಡಿಸಂ ನೆನಪಾಗುತ್ತದೆ. ನಮ್ಮ ಸಿನಿಮಾಗಳು ಲಾಂಗನ್ನು ನಾಯಕನ ಕೈಗೆ ಕೊಟ್ಟು ಎಷ್ಟೋ ವರ್ಷಗಳಾದವು. ದುಡಿಯುವವರ ಉಪಕರಣಕ್ಕೆ ಅದರಿಂದ ಕೆಟ್ಟ ಹೆಸರು ಬಂತು. ಆದರೆ 1959ರ ಆಯುಧ ಕಾಯ್ದೆಯೂ ಕೇಳುವುದು ನಮ್ಮ ಆಚಾರ್ರ ಪ್ರಶ್ನೆಯನ್ನೇ. ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದ ವಸ್ತುಗಳನ್ನು ಅದು ಆಯುಧ ಎಂಬ ಅರ್ಥದಿಂದಲೇ ಹೊರಗಿಟ್ಟಿದೆ. ಅಂಥ ಉಪಯೋಗಕ್ಕಲ್ಲದೆ ಮಾಡಿದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ನಿಯಮಗಳು ಬೇರೆಯೇ ಪಟ್ಟಿಗೆ ಸೇರಿಸುತ್ತವೆ. ಎಂಥಕ್ಕೆ ಎಂದು ಕೇಳಿ ಮಾಡುವವನು ಸಮಾಜಕ್ಕೂ ಉತ್ತರ ಹೇಳಬಲ್ಲ. ಕೇಳದೆ ಮಾರುವವನಿಗೆ ಆ ಉತ್ತರವಿಲ್ಲ. ಕೊಡಗಿನಲ್ಲಿ ಪೀಚೆಕತ್ತಿ, ಒಡಿಕತ್ತಿಗಳು ಮದುವೆಯ ಉಡುಪಿನ ಭಾಗವಾಗಿ ಇಂದಿಗೂ ಮರ್ಯಾದೆಯಿಂದ ಉಳಿದಿವೆ. ಒಂದು ಮುಂದೆ ನಡುಕಟ್ಟಿನಲ್ಲಿ, ಇನ್ನೊಂದು ಬೆನ್ನ ಹಿಂದೆ. ಮದುವೆಯಲ್ಲಿ ಒಡಿಕತ್ತಿ ಕಡಿಯುವುದು ಬಾಳೆಯ ಕಂಬವನ್ನು. ಯಾವ ಅಲಗು ಯಾವುದಕ್ಕೆ ಎಂಬುದನ್ನು ಊರಿಗೆ ಊರೇ ಬಲ್ಲ ಕಡೆ ಅಲಗಿನ ಬಗ್ಗೆ ಅನುಮಾನ ಹುಟ್ಟುವುದಿಲ್ಲ.

ಕೊನೆಗೆ ಬೆಲೆ. ಎದುರು ಮನೆಯವರ ಮಿಕ್ಸಿಯ ಲೆಕ್ಕಕ್ಕೆ ನಾನು ಆಯದ ಲೆಕ್ಕ ಕೊಡುತ್ತೇನೆ. ಹಿಂದೆ ಹಳ್ಳಿಯ ಕಮ್ಮಾರ ಆಯಗಾರರಲ್ಲಿ ಒಬ್ಬ. ಒಂದೊಂದು ಕುಡುಗೋಲಿಗೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಹೋಗುತ್ತಿತ್ತು. ಅದಕ್ಕೆ ಬದಲಾಗಿ ಮಾಡಿಕೊಡುವುದು, ಸವೆದ ಗುಳಕ್ಕೆ ಮೊನೆ ಹಾಕುವುದು, ಕುಡುಗೋಲಿಗೆ ಹಲ್ಲು ಹಾಕುವುದು ಎಲ್ಲವೂ ವರ್ಷವಿಡೀ ಅವನ ಹೊಣೆ. ಕೊಟ್ಟದ್ದು ವಸ್ತುವಿನ ಬೆಲೆಯಲ್ಲ, ಹರಿತವನ್ನು ಕಾಯುವುದರ ಬೆಲೆ. ಈ ಏರ್ಪಾಡನ್ನು ನಾನು ಹೊಗಳಿ ಮುಗಿಸಲಾರೆ. ಅದು ಜಾತಿಗೆ ಕಟ್ಟಿದ ಏರ್ಪಾಡು. ಕಮ್ಮಾರನ ಮಗ ಬೇರೆ ಏನೂ ಆಗುವಂತಿರಲಿಲ್ಲ, ಬೇರೆಯವರ ಮಗಳು ಸುತ್ತಿಗೆ ಮುಟ್ಟುವಂತಿರಲಿಲ್ಲ. ಕಣದಲ್ಲಿ ಕಾಳು ಅಳೆಯುವಾಗ ಅವನು ಕೈಚಾಚಿ ನಿಲ್ಲಬೇಕಿತ್ತು. ಇವತ್ತು ಒಬ್ಬ ಎಂಜಿನಿಯರು ತನ್ನಿಷ್ಟಕ್ಕೆ ಕುಲುಮೆ ಹೂಡಬಹುದು, ಹೆಣ್ಣುಮಗಳೊಬ್ಬಳು ಸಾಣೆಯ ಮುಂದೆ ನಿಲ್ಲಬಹುದು, ಇಬ್ಬರೂ ತಮ್ಮ ಕೆಲಸಕ್ಕೆ ತಾವೇ ಬೆಲೆ ಕಟ್ಟಬಹುದು. ಆ ಬಿಡುಗಡೆ ನನಗೆ ಬೇಕು. ಅದರ ಜೊತೆಗೆ ಹರಿತ ಕಾಯುವ ಹೊಣೆಯೂ ಬೇಕು. ಆ ಹೊಣೆ ಹೊರದೆ ಬರೀ ಚೆಂದದ ಅಲಗನ್ನು ಪೆಟ್ಟಿಗೆಯಲ್ಲಿಟ್ಟು ಮಾರುವವರನ್ನು ನಾನು ಅಂಗಡಿಯ ಚಾಕುವಿನ ಸಾಲಿಗೇ ಸೇರಿಸುತ್ತೇನೆ.

ಅಗ್ಗದ ಚಾಕುವಿನ ನಿಜವಾದ ಬೆಲೆಯನ್ನು ತೆರುವವರು ಬೇರೆಯವರು ಎಂಬುದನ್ನೂ ಹೇಳಬೇಕು. ಮೊಂಡಾದ ಚಾಕುವನ್ನು ನಾವು ಸಾಣೆಗೆ ಕೊಡುವುದಿಲ್ಲ, ಕಸಕ್ಕೆ ಹಾಕುತ್ತೇವೆ. ತರಕಾರಿಗೆ ಮೊಂಡಾದ ಚಾಕು ಕಸದ ಚೀಲದೊಳಗೆ ಕೈಹಾಕುವ ಪೌರಕಾರ್ಮಿಕರ ಅಂಗೈಗೆ ಮೊಂಡಲ್ಲ. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಪೆಡಲು ತುಳಿಯುತ್ತಾ ಕಿಡಿ ಹಾರಿಸುತ್ತಿದ್ದವರು ನಮ್ಮ ಅಡ್ಡರಸ್ತೆಗಳಿಗೆ ಮೊದಲು ವಾರಕ್ಕೊಮ್ಮೆಯಾದರೂ ಬರುತ್ತಿದ್ದರು. ಈಗ ಅವರ ಕೂಗು ಕೇಳಿ ನಾನು ಕೆಳಗಿಳಿದು ಬರುವಷ್ಟರಲ್ಲಿ ಮುಂದಿನ ಬೀದಿಗೆ ಹೋಗಿಬಿಟ್ಟಿರುತ್ತಾರೆ. ಕರೆಯುವವರಿಲ್ಲದ ಬೀದಿಯಲ್ಲಿ ನಿಂತು ಅವರೇನು ಮಾಡಬೇಕು?

ಎಲ್ಲರೂ ಸಾವಿರಾರು ರೂಪಾಯಿ ಕೊಟ್ಟು ಚಾಕು ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಊರಿಗೆ ಹೋದಾಗ ಅಲ್ಲಿನ ಕುಲುಮೆಯಲ್ಲಿ ಮಾಡಿಸಿದರೆ ಇದರ ಸಣ್ಣ ಪಾಲಿಗೆ ಆಗುತ್ತದೆ. ಎಲ್ಲಿ ಮಾಡಿಸಿದರೂ ಮೂರು ಮಾತು ಗಮನಿಸಿ. ಯಾವ ಕೈ ಎಂದು ಮಾಡುವವರು ಕೇಳಿದರೇ? ಎಂಥಕ್ಕೆ ಎಂದು ಕೇಳಿದರೇ? ಬಾಯಿ ಹೋದಾಗ ವಾಪಸ್ ತನ್ನಿ ಎಂದರೇ? ಈ ಮೂರೂ ಇಲ್ಲದ ಕಡೆ ಯಾವ ದೇಶದ ಉಕ್ಕು ಎಂದರೂ, ಎಷ್ಟು ಅಲೆಯ ಗೆರೆ ತೋರಿಸಿದರೂ ಎದ್ದು ಬನ್ನಿ.

ಹೋದ ತಿಂಗಳು ನನ್ನ ಚಾಕುವನ್ನು ಮೊದಲ ಸಲ ಸಾಣೆಗೆ ತೆಗೆದುಕೊಂಡು ಹೋಗಿದ್ದೆ. ಆ ತರುಣ ಅಲಗನ್ನು ಬೆಳಕಿಗೆ ಹಿಡಿದು, ಹಿಡಿಯ ಹತ್ತಿರದ ಒಂದು ಇಂಚು ಮಾತ್ರ ಹೆಚ್ಚು ಸವೆದಿದೆ, ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ. ತೆಂಗಿನಕಾಯಿ ಹೋಳಿನ ಕಪ್ಪು ಸಿಪ್ಪೆ ಹೆರೆಯುವುದು ಅಲ್ಲೇ ಎಂದೆ. ನನಗೇ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಕಲ್ಲಿನ ಮೇಲೆ ಆ ಒಂದು ಇಂಚಿಗೆ ಮಾತ್ರ ಸ್ವಲ್ಪ ದಪ್ಪನೆಯ ಬಾಯಿ ಬಿಟ್ಟು, ಉಳಿದದ್ದನ್ನು ಮೊದಲಿನಂತೆ ತೆಳುವಾಗಿ ಹಿಡಿದುಕೊಟ್ಟ. ಹೇಳಿದ್ದು ಹೋದ ವರ್ಷವೇ ಮುಗಿಯಿತು ಎಂದುಕೊಂಡಿದ್ದೆ. ಮಾಡಿಸುವುದು ಇನ್ನೂ ನಡೆಯುತ್ತಿದೆ.